ಹಕ್ಕಿನಿಂದ ಕಾರ್ಯಕ್ಕೆ: ಯುರೋಪಿನ ಅರಣ್ಯನೀತಿಯಲ್ಲಿ ಒಂದು ಪರಿಕಲ್ಪನೆಯ ಚರಿತ್ರೆ

1993ರ ಜೂನ್ ತಿಂಗಳಿನಲ್ಲಿ ಹೆಲ್ಸಿಂಕಿಯಲ್ಲಿ ಸೇರಿದ ಯುರೋಪಿನ ಅರಣ್ಯ ಸಚಿವರ ಸಮ್ಮೇಳನವು ಸುಸ್ಥಿರ ಅರಣ್ಯ ನಿರ್ವಹಣೆಗೆ ಒಂದು ವ್ಯಾಖ್ಯೆಯನ್ನು ಅಂಗೀಕರಿಸಿತು. ಕಾಡಿನ ಜೀವವೈವಿಧ್ಯ, ಉತ್ಪಾದಕತೆ, ಪುನರುತ್ಪತ್ತಿಯ ಸಾಮರ್ಥ್ಯ ಹಾಗೂ ಚೈತನ್ಯಗಳು ಕುಂದದಂತೆ, ಅದು ಇಂದಿಗೂ ಮುಂದಿಗೂ ಪಾರಿಸರಿಕ, ಆರ್ಥಿಕ, ಸಾಮಾಜಿಕ ಕಾರ್ಯಗಳನ್ನು ನೆರವೇರಿಸುವಂತೆ ಅದನ್ನು ಪಾಲಿಸಿ ಬಳಸಬೇಕೆಂಬುದು ಅದರ ತಾತ್ಪರ್ಯ. ಯುರೋಪಿನ ಹಲವು ರಾಷ್ಟ್ರಗಳ ಕಾನೂನುಗಳೂ ಯುರೋಪಿಯನ್ ಒಕ್ಕೂಟದ ನೀತಿಪತ್ರಗಳೂ ಈ ವ್ಯಾಖ್ಯೆಯನ್ನೇ ಆಧಾರವಾಗಿ ಇರಿಸಿಕೊಂಡಿವೆ. ಇದರಲ್ಲಿ ನಮ್ಮ ಗಮನವನ್ನು ಸೆಳೆಯುವುದು ‘ಕಾರ್ಯ’ ಎಂಬ ಪದ. ಕನ್ನಡದಲ್ಲಿ ಈ ನೀತಿಯನ್ನು ‘ಬಹೂಪಯೋಗಿ ಅರಣ್ಯ’ ಎಂದು ಅನುವಾದಿಸುವುದುಂಟು. ಅದು ಸರಿಯಲ್ಲವೆಂದು ನಮಗೆ ತೋರುತ್ತದೆ. ಉಪಯೋಗವೆಂದರೆ ಬಳಸುವವನೊಬ್ಬನು ಇರಲೇಬೇಕು. ಕಾರ್ಯವಾದರೋ ಕಾಡು ತಾನಾಗಿ ಮಾಡುವುದು. ಬಳಸುವವನು ಈ ಪದದೊಳಗಿಂದ ಮರೆಯಾದುದು ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಸುಸ್ಥಿರತೆಯ ಮಾತು ಹುಟ್ಟಿದ್ದು ಕಾಡಿನಲ್ಲಲ್ಲ, ಗಣಿಯಲ್ಲಿ. ಸ್ಯಾಕ್ಸನಿಯ ಫ್ರೈಬರ್ಗಿನಲ್ಲಿ ಗಣಿಗಳ ಮುಖ್ಯಾಧಿಕಾರಿಯಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಅರಣ್ಯಕೃಷಿಯ ಮೇಲೆ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದನು. ಬೆಳ್ಳಿಯ ಅದಿರನ್ನು ಕರಗಿಸುವ ಕುಲುಮೆಗಳಿಗೆ ಇದ್ದಿಲೂ ಸುರಂಗಗಳಿಗೆ ಮರದ ಕಂಬಗಳೂ ಸಾಲದಾಗಿದ್ದವು. ಬೆಳೆದಷ್ಟನ್ನೇ ಕಡಿಯಬೇಕು, ಕಡಿದಷ್ಟನ್ನು ಬೆಳೆಸಬೇಕು ಎಂಬ ಅರ್ಥದಲ್ಲಿ ‘ನಾಖ್‌ಹಾಲ್ಟೆಂಡ್’ ಎಂಬ ವಿಶೇಷಣವನ್ನು ಆತ ಪ್ರಾಸಂಗಿಕವಾಗಿ ಬಳಸಿದ್ದಾನೆ. ಇಂದು ಜಗತ್ತಿನ ಎಲ್ಲ ಯೋಜನಾ ವರದಿಗಳಲ್ಲಿ ಕಾಣುವ ಪದದ ಮೂಲ ಇದು. ಗಣಿಯ ಅಧಿಕಾರಿಗೆ ಬೇಕಾಗಿದ್ದುದು ಮರ. ಆದುದರಿಂದ ಸುಸ್ಥಿರತೆಯ ಮೊದಲ ಅರ್ಥವೂ ಮರದ ಸುಸ್ಥಿರತೆಯೇ.

ಆದರೆ ಆ ಕಾಲದ ಮಧ್ಯ ಯುರೋಪಿನ ಕಾಡು ಬರಿಯ ಮರವಾಗಿರಲಿಲ್ಲ. ರೈತರು ಓಕ್ ಮತ್ತು ಬೀಚ್ ಮರಗಳ ಕಾಯಿ ಉದುರುವ ಋತುವಿನಲ್ಲಿ ಹಂದಿಗಳನ್ನು ಅಲ್ಲಿಗೆ ಅಟ್ಟುತ್ತಿದ್ದರು, ದನಗಳನ್ನು ಮೇಯಿಸುತ್ತಿದ್ದರು, ಒಣಸೌದೆಯನ್ನು ಆಯುತ್ತಿದ್ದರು, ತರಗೆಲೆಯನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ಹಾಸಿ ಗೊಬ್ಬರ ಮಾಡುತ್ತಿದ್ದರು. ಇವು ಯಾರೋ ಕರುಣಿಸಿದ ಸೌಲಭ್ಯಗಳಲ್ಲ; ಊರೂರಿನ ಕಟ್ಟಳೆಗಳಲ್ಲಿ ನಮೂದಾದ ಹಕ್ಕುಗಳು. ಗೇಯೋರ್ಗ್ ಲುಡ್ವಿಗ್ ಹಾರ್ಟಿಗ್, ಥಾರಾಂಡ್‌ನಲ್ಲಿ ಅರಣ್ಯ ವಿದ್ಯಾಲಯವನ್ನು ಕಟ್ಟಿದ ಹೈನ್‌ರಿಖ್ ಕೋಟಾ ಮೊದಲಾದವರ ಕಾಲದಲ್ಲಿ ಅರಣ್ಯಶಾಸ್ತ್ರವು ಅಳತೆ ಲೆಕ್ಕಗಳ ವಿಜ್ಞಾನವಾಗಿ ರೂಪುಗೊಂಡಿತು. ಈ ವಿಜ್ಞಾನದ ಪರಿಭಾಷೆಯಲ್ಲಿ ಮರ ‘ಮುಖ್ಯ ಬಳಕೆ’, ಉಳಿದುದೆಲ್ಲ ‘ಉಪ ಬಳಕೆ’. ಹೆಸರು ಉಪವಾದ ಮೇಲೆ ಹಕ್ಕನ್ನು ಹಣ ಅಥವಾ ತುಂಡುಭೂಮಿ ಕೊಟ್ಟು ವಿಮೋಚನೆ ಮಾಡಿಸಿಕೊಳ್ಳುವುದು ಸುಲಭವಾಯಿತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಜರ್ಮನ್ ರಾಜ್ಯಗಳಲ್ಲಿ ನಡೆದುದು ಇದು.

ನ್ಯಾಯವಾಗಿ ಹೇಳುವುದಾದರೆ ಅರಣ್ಯಾಧಿಕಾರಿಗಳ ಆತಂಕವೆಲ್ಲ ಸುಳ್ಳಲ್ಲ. ತಲೆತಲಾಂತರ ತರಗೆಲೆ ಗುಡಿಸಿದ ಕಡೆ ಮಣ್ಣಿನ ಸಾರ ಬತ್ತಿಹೋಗುತ್ತದೆಂಬುದು ಇಂದಿನ ಮೃತ್ತಿಕಾಶಾಸ್ತ್ರವೂ ಒಪ್ಪುವ ಸಂಗತಿ. ಹಾಗೆಂದು ಜನರು ಇದನ್ನು ಮೌನವಾಗಿ ಒಪ್ಪಿಕೊಳ್ಳಲಿಲ್ಲ. ಫ್ರಾನ್ಸಿನಲ್ಲಿ 1827ರ ಅರಣ್ಯ ಸಂಹಿತೆಯು ಮೇವು ಸೌದೆಗಳ ಹಕ್ಕನ್ನು ಮೊಟಕುಗೊಳಿಸಿದಾಗ, ಪಿರನೀಸ್ ಪರ್ವತದ ಆರಿಯೇಜ್ ಪ್ರದೇಶದ ಗಂಡಸರು ಹೆಂಗಸರ ವೇಷ ಹಾಕಿ, ಮುಖಕ್ಕೆ ಮಸಿ ಬಳಿದುಕೊಂಡು ಅರಣ್ಯದ ಕಾವಲುಗಾರರನ್ನು ಓಡಿಸಿದರು. 1829ರಲ್ಲಿ ಮೊದಲಾದ ಈ ದಂಗೆಗೆ ‘ಕನ್ಯೆಯರ ಯುದ್ಧ’ವೆಂಬ ಹೆಸರೇ ನಿಂತಿತು. ಉದುರಿದ ಸೌದೆಯನ್ನು ಆಯುವುದೂ ಕಳವೇ ಎಂಬ ರೈನ್ ಪ್ರಾಂತದ ವಿಧಾನಸಭೆಯ ಚರ್ಚೆಯನ್ನು ಟೀಕಿಸಿ 1842ರಲ್ಲಿ ಪತ್ರಿಕೆಗೆ ಬರೆದ ತರುಣ ಕಾರ್ಲ್ ಮಾರ್ಕ್ಸ್.

ಹಕ್ಕುಗಳಿಂದ ಮುಕ್ತವಾದ ಕಾಡಿನಲ್ಲಿ ಸಾಲುಸಾಲಾಗಿ ಸ್ಪ್ರೂಸ್ ಮತ್ತು ಪೈನ್ ನೆಡಲಾಯಿತು. ಭೂಮಿಯ ನಿವ್ವಳ ಆದಾಯವನ್ನೇ ಅಳತೆಗೋಲಾಗಿ ಹಿಡಿದ ಸಿದ್ಧಾಂತವು ಸ್ಯಾಕ್ಸನಿಯಲ್ಲಿ ಪ್ರಬಲವಾಗಿತ್ತು. ಒಂದೇ ವಯಸ್ಸಿನ, ಒಂದೇ ಜಾತಿಯ ತೋಪುಗಳು ಗಾಳಿಗೂ ಕೀಟಕ್ಕೂ ಬಲಿಯಾಗುತ್ತವೆಂದು ಮ್ಯೂನಿಕ್ಕಿನ ಕಾರ್ಲ್ ಗಾಯರ್ 1886ರಲ್ಲಿಯೇ ಮಿಶ್ರ ಕಾಡಿನ ಪರವಾಗಿ ವಾದಿಸಿದ್ದನು. 2018ರಿಂದ 2020ರವರೆಗಿನ ಬರದಲ್ಲಿ ತೊಗಟೆ ಕೊರೆಯುವ ದುಂಬಿಯಿಂದ ಹಾರ್ಟ್ಸ್ ಬೆಟ್ಟಗಳ ಸ್ಪ್ರೂಸ್ ತೋಪುಗಳು ಒಣಗಿ ನಿಂತಾಗ ಆ ವಾದಕ್ಕೆ ನೂರಮೂವತ್ತು ವರ್ಷ ದಾಟಿತ್ತು.

ಇಲ್ಲಿ ಭಾರತದ ಸಂಬಂಧವನ್ನು ಹೇಳಲೇಬೇಕು. 1864ರಲ್ಲಿ ಭಾರತದ ಪ್ರಥಮ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಖ್ ಬ್ರಾಂಡಿಸ್ ಬಾನ್ ನಗರದವನು. ಅವನ ಅನಂತರ ಆ ಹುದ್ದೆಗೆ ಬಂದ ಶ್ಲಿಖ್ ಮತ್ತು ರಿಬ್ಬೆನ್‌ಟ್ರೊಪ್ ಕೂಡ ಜರ್ಮನರೇ. 1878ರ ಅರಣ್ಯ ಶಾಸನದಲ್ಲಿ ಹಕ್ಕುಗಳನ್ನು ವಿಚಾರಣೆ ನಡೆಸಿ ಇತ್ಯರ್ಥಪಡಿಸುವ ವಿಧಾನವಿದೆಯಷ್ಟೆ. ಯುರೋಪಿನ ಹಕ್ಕುವಿಮೋಚನೆಯ ಚರಿತ್ರೆಯನ್ನು ಬಲ್ಲವರಿಗೆ ಅದು ಅಪರಿಚಿತವಲ್ಲ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದ ಅಡಕೆ ತೋಟಿಗರು ಸೊಪ್ಪಿನ ಬೆಟ್ಟಗಳಿಂದ ಸೊಪ್ಪು ದರಕುಗಳನ್ನು ತರುವುದು ‘ಹಕ್ಕೋ ಸವಲತ್ತೋ’ ಎಂಬ ವ್ಯಾಜ್ಯವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಬವೇರಿಯಾದ ತರಗೆಲೆಯೂ ಶಿರಸಿಯ ದರಕೂ ಒಂದೇ ಪರಿಭಾಷೆಗೆ ಸಿಕ್ಕಿಕೊಂಡುದು ಕಾಣುತ್ತದೆ. ಮುಂಬಯಿಯ ಪತ್ರಾಗಾರವು ಹತ್ತಿರವಿರುವ ಸಂಶೋಧಕರು ಈ ದಿಕ್ಕಿನಲ್ಲಿ ಕೆಲಸ ಮಾಡಬಹುದು.

ಮತ್ತೆ ಯುರೋಪಿಗೆ ಬರೋಣ. ಮರವಲ್ಲದ ಪ್ರಯೋಜನಗಳು ಶಾಸನದೊಳಗೆ ಮೊದಲು ಮರಳಿದ್ದು ನೀರಿನ ಭಯದಿಂದ. 1868ರ ಭಾರಿ ಪ್ರವಾಹಗಳ ತರುವಾಯ ಸ್ವಿಟ್ಜರ್ಲೆಂಡ್ 1876ರಲ್ಲಿ ಮಾಡಿದ ಸಂಯುಕ್ತ ಶಾಸನವು ಎತ್ತರದ ಪರ್ವತಗಳ ಕಾಡನ್ನು ರಕ್ಷಣಾ ಕಾಡೆಂದು ಪರಿಗಣಿಸಿ, ಅರಣ್ಯದ ವಿಸ್ತೀರ್ಣ ಕುಗ್ಗಬಾರದೆಂದು ವಿಧಿಸಿತು. ಎರಡನೆಯ ಮಹಾಯುದ್ಧದ ಅನಂತರ, 1953ರಲ್ಲಿ, ವಿಕ್ಟರ್ ಡೀಟ್ರಿಖ್ ಕಾಡಿನ ‘ಕಾರ್ಯ’ಗಳ ಸಿದ್ಧಾಂತವನ್ನು ಜರ್ಮನಿಯಲ್ಲಿ ಮಂಡಿಸಿದನು. ಆದರೆ ಅಧಿಕಾರಿವರ್ಗಕ್ಕೆ ಹಿತವಾದುದು ಇನ್ನೊಂದು ವಾದ: ಹಡಗು ಸಾಗಿದ ಹಿಂದೆ ನೀರಿನ ಜಾಡು ಮೂಡುವಂತೆ, ಮರವನ್ನು ಕ್ರಮವಾಗಿ ಬೆಳೆಸಿದರೆ ರಕ್ಷಣೆ ವಿಹಾರಗಳೆಲ್ಲ ತಾವಾಗಿಯೇ ಹಿಂಬಾಲಿಸುತ್ತವೆ! 1975ರ ಜರ್ಮನ್ ಸಂಯುಕ್ತ ಅರಣ್ಯ ಶಾಸನವು ಬಳಕೆ, ರಕ್ಷಣೆ, ವಿಹಾರ ಎಂಬ ಮೂರನ್ನೂ ಹೆಸರಿಸಿ, ವಿಹಾರಕ್ಕಾಗಿ ಕಾಡನ್ನು ಪ್ರವೇಶಿಸುವ ಅವಕಾಶವನ್ನು ಎಲ್ಲರಿಗೂ ನೀಡಿತು. ಸೌದೆಯ ಮುದುಕಿಯನ್ನು ಹೊರಗಟ್ಟಿದ ಕಾಡಿಗೆ ನಗರದ ವಿಹಾರಿ ಬಂದನು.

1980ರ ದಶಕದಲ್ಲಿ ಆಮ್ಲಮಳೆಯಿಂದ ಕಾಡು ಸಾಯುತ್ತಿದೆಯೆಂಬ ಭೀತಿ ಹರಡಿದಾಗ ಗಡಿದಾಟಿದ ಸಹಕಾರ ಅನಿವಾರ್ಯವಾಯಿತು. ಫ್ರಾನ್ಸ್ ಮತ್ತು ಫಿನ್ಲೆಂಡ್‌ಗಳ ಮುಂದಾಳುತನದಲ್ಲಿ 1990ರ ಡಿಸೆಂಬರಿನಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಸಚಿವರ ಮೊದಲ ಸಮ್ಮೇಳನ ಸೇರಿತು, ಹೆಲ್ಸಿಂಕಿಯದು ಎರಡನೆಯದು. ಮುಂದೆ ಲಿಸ್ಬನ್, ವಿಯೆನ್ನಾ, ವಾರ್ಸಾಗಳಲ್ಲಿ ಮಾನದಂಡಗಳೂ ಸೂಚಕಗಳೂ ಬೆಳೆದವು. ಇವು ಕಡ್ಡಾಯವಲ್ಲ. 2011ರಲ್ಲಿ ಓಸ್ಲೋದಲ್ಲಿ ಕಡ್ಡಾಯ ಒಪ್ಪಂದಕ್ಕೆ ಮಾತುಕತೆ ಆರಂಭಿಸಲು ನಿರ್ಧರಿಸಿದರೂ 2015ರ ಮ್ಯಾಡ್ರಿಡ್ ಸಮ್ಮೇಳನದಲ್ಲಿ ಒಮ್ಮತ ಮೂಡಲಿಲ್ಲ. ಒಕ್ಕೂಟದ ಮೂಲ ಒಪ್ಪಂದಗಳಲ್ಲಿ ಅರಣ್ಯಕ್ಕೆ ಪ್ರತ್ಯೇಕ ಅಧ್ಯಾಯವೇ ಇಲ್ಲ. 1998, 2013 ಮತ್ತು 2021ರ ಅರಣ್ಯ ಕಾರ್ಯತಂತ್ರಗಳು ಈ ಕೊರತೆಯ ನಡುವೆಯೇ ಹುಟ್ಟಿದವು. 2021ರದು ಇಂಗಾಲದ ಸಂಗ್ರಹವನ್ನೂ ಹಳೆಗಾಡಿನ ರಕ್ಷಣೆಯನ್ನೂ ಮುಂದೆ ತಂದಾಗ, ಮರದ ಉದ್ಯಮ ಬಲವಾಗಿರುವ ರಾಷ್ಟ್ರಗಳು ತಮ್ಮ ಅಧಿಕಾರದ ಪ್ರಶ್ನೆಯನ್ನೆತ್ತಿದವು. ಕಾರ್ಯಗಳ ಪಟ್ಟಿ ಬೆಳೆದಂತೆ ಅವುಗಳಲ್ಲಿ ಯಾವುದು ಮೊದಲು ಎಂಬುದನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಯೂ ಬೆಳೆಯಿತು. ವ್ಯಾಖ್ಯೆಯಲ್ಲಿ ಇದಕ್ಕೆ ಉತ್ತರವಿಲ್ಲ. ಹಕ್ಕಿಗಾದರೆ ಒಡೆಯನಿದ್ದಾನೆ, ಕೇಳಲು ಬಾಯಿಯಿದೆ.

ಹಕ್ಕು ಹಕ್ಕಾಗಿಯೇ ಉಳಿದ ಕಡೆಗಳೂ ಯುರೋಪಿನಲ್ಲಿವೆ. ನಾರ್ಡಿಕ್ ದೇಶಗಳಲ್ಲಿ ಪರರ ಒಡೆತನದ ಕಾಡಿನಲ್ಲಿಯೂ ನಡೆದಾಡುವ, ಹಣ್ಣು ಅಣಬೆಗಳನ್ನು ಆಯುವ ಸಾರ್ವತ್ರಿಕ ಹಕ್ಕು ರೂಢಿಯಿಂದ ಬಂದಿದೆ. ಇದಕ್ಕಿಂತ ವಿಚಾರಾರ್ಹವಾದುದು ಇಟಲಿಯ ನಿದರ್ಶನ. ಅಲ್ಲಿ 1927ರ ಕಾನೂನು ಗ್ರಾಮಸಮುದಾಯಗಳ ಬಳಕೆಹಕ್ಕುಗಳನ್ನು ಇತ್ಯರ್ಥಗೊಳಿಸಿ ಮುಗಿಸಲು ಹೊರಟಿತ್ತು. ತೊಂಬತ್ತು ವರ್ಷಗಳ ತರುವಾಯ, 2017ರ ನವೆಂಬರಿನ ಕಾನೂನು ಸಾಮೂಹಿಕ ಒಡೆತನವನ್ನು ಸಂವಿಧಾನಸಮ್ಮತ ವ್ಯವಸ್ಥೆಯೆಂದು ಮನ್ನಿಸಿ, ಆ ಭೂಮಿಯನ್ನು ಪರಭಾರೆ ಮಾಡಲಾಗದು, ವಿಭಾಗಿಸಲಾಗದು, ಅದರ ಕೃಷಿ, ಕಾಡು, ಮೇವುಗಳ ಬಳಕೆಯನ್ನು ಬದಲಿಸಲಾಗದು ಎಂದು ವಿಧಿಸಿತು. 1111ರ ಒಡಂಬಡಿಕೆಯವರೆಗೆ ತನ್ನ ಮೂಲವನ್ನು ಗುರುತಿಸಿಕೊಳ್ಳುವ ಟ್ರೆಂಟಿನೊ ಪ್ರಾಂತದ ಫಿಯೆಮ್ಮೆ ಕಣಿವೆಯ ಸಮುದಾಯವು ಇಂದಿಗೂ ತನ್ನ ಸ್ಪ್ರೂಸ್ ಕಾಡುಗಳನ್ನು ತಾನೇ ನಿರ್ವಹಿಸುತ್ತಿದೆ.