ಗುಡ್ಡ ದಾಟಿದ ಜಾಲವು ಗೋಡೆ ದಾಟಿದ ಬಗೆ

ದೀಪ, ಬಾಗಿಲು, ಫ್ಯಾನು, ಕಾವಲಿನ ಕ್ಯಾಮೆರಾಗಳೆಲ್ಲವೂ ವೈಫೈಯ ಅಪ್ಪಣೆಗಾಗಿ ಕಾದು ನಿಂತಿರುವ ಇಂದಿನ ಸ್ಮಾರ್ಟ್ ಮನೆಗಳಲ್ಲಿ, ನಡುಮನೆಯ ಒಂಟಿ ರೌಟರಿನ ಸಿಗ್ನಲ್ ಮಹಡಿಯ ಕೋಣೆಗೆ ಮುಟ್ಟದೆಂದು ಮನಗಂಡ ಗೃಹಸ್ಥನು ಸಿಗ್ನಲನ್ನು ಒಂದರಿಂದೊಂದಕ್ಕೆ ದಾಟಿಸುವ ಎರಡು ಮೂರು ಪೆಟ್ಟಿಗೆಗಳ ಮೆಶ್ ವೈಫೈಯನ್ನು ಅರಸಿ ಅಂಗಡಿಗೆ ನಡೆಯುತ್ತಾನೆ. ಅಲ್ಲಿ ಅವನ ಕಿವಿಗೆ ಬೀಳುವುದು ಬಹುಮಟ್ಟಿಗೆ ವೇಗದ ಅಂಕಿಗಳ ಸ್ತೋತ್ರ. ಆದರೆ ಆ ಪೆಟ್ಟಿಗೆಗಳೊಳಗಿನ ತತ್ತ್ವಕ್ಕೆ ಅರ್ಧ ಶತಮಾನಕ್ಕೂ ಮಿಕ್ಕ ಚರಿತ್ರೆಯುಂಟು. ತಂತಿಯನ್ನು ಎಳೆಯಲಾಗದ, ಎಳೆದರೂ ಅದು ಉಳಿಯುವ ಭರವಸೆಯಿಲ್ಲದ ಸ್ಥಳಗಳ ಚಿಂತೆಯಲ್ಲಿ ಹುಟ್ಟಿದ ತತ್ತ್ವವದು.

ಅಣ್ವಸ್ತ್ರಗಳ ಭೀತಿಯು ಲೋಕವನ್ನು ಕವಿದಿದ್ದ ಕಾಲದಲ್ಲಿ, ಅಮೆರಿಕೆಯ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್ ಎಂಬ ಎಂಜಿನಿಯರನು, ಒಂದೇ ಕೇಂದ್ರವನ್ನು ನೆಚ್ಚಿದ ದೂರವಾಣಿಜಾಲವು ಆ ಕೇಂದ್ರದೊಡನೆಯೇ ನಾಶವಾಗುವುದೆಂಬುದನ್ನು ಕಂಡು, ಜಾಲದ ಕೂಡುಗಂಟಾದ ಪ್ರತಿಯೊಂದು ಗ್ರಂಥಿಯೂ ನೆರೆಯ ಮೂರು ನಾಲ್ಕು ಗ್ರಂಥಿಗಳೊಡನೆ ಕೂಡಿಕೊಂಡಿದ್ದರೆ ಹಲವು ಅಳಿದರೂ ಉಳಿದವು ಬೇರೆ ಹಾದಿ ಹಿಡಿದು ಸಂದೇಶವನ್ನು ಮುಟ್ಟಿಸಬಲ್ಲವೆಂದು 1964ರಲ್ಲಿ ಪ್ರಕಟವಾದ ತನ್ನ ವರದಿಗಳಲ್ಲಿ ಪ್ರತಿಪಾದಿಸಿದನು. ಇದು ಜಾಲದ ಆಕೃತಿಯ ವಿಚಾರವಾಯಿತು. ಇನ್ನು ಗಾಳಿಯಲ್ಲಿ ಸಾಗುವ ಮಾತಿನ ವಿಚಾರ: 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ಅಲೋಹಾನೆಟ್ ಎಂಬ ರೇಡಿಯೋ ಜಾಲವನ್ನು ನಡೆಸಿ ತೋರಿದರು. ಬೇಕೆನಿಸಿದಾಗ ಕಳುಹಿಸುವುದು, ಮತ್ತೊಬ್ಬರ ಸಂದೇಶದೊಡನೆ ಡಿಕ್ಕಿಯಾಗಿ ಉತ್ತರ ಬಾರದಿದ್ದರೆ ಕೊಂಚ ಹೊತ್ತು ತಡೆದು ಪುನಃ ಕಳುಹಿಸುವುದು, ಇಷ್ಟೇ ಅದರ ನಿಯಮ. ಈ ಸ್ವೇಚ್ಛೆಗೆ ತೆರಬೇಕಾದ ಬೆಲೆಯೂ ಗಣಿತದಿಂದ ಸಿದ್ಧವಾಯಿತು. ಚಾನೆಲಿನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇಕಡಾ 18ರಷ್ಟು ಮಾತ್ರ ಸಾರ್ಥಕವಾಗುತ್ತಿದ್ದಿತು.

ಆ ದಶಕದಲ್ಲಿಯೇ ಅಮೆರಿಕೆಯ ರಕ್ಷಣಾ ಇಲಾಖೆಯು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಣ ಬೆಟ್ಟಗಳ ನೆತ್ತಿಯ ಮೇಲೆ ರೇಡಿಯೋ ಪೆಟ್ಟಿಗೆಗಳನ್ನಿರಿಸಿ, ಚಲಿಸುವ ವ್ಯಾನಿನಿಂದ ಹೊರಟ ಸಂದೇಶವನ್ನು ಕೈಯಿಂದ ಕೈಗೆ ದಾಟಿಸುವ ಪ್ರಯೋಗ ನಡೆಸಿತು. 1985ರಲ್ಲಿ ಆ ದೇಶದ ಸರ್ಕಾರವು ಕೆಲವು ತರಂಗಪಟ್ಟಿಗಳನ್ನು ಪರವಾನಗಿಯಿಲ್ಲದ ಈ ಬಗೆಯ ಸಂಪರ್ಕಕ್ಕೆ ತೆರೆಯಿತು. 1997ರಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ವೇಗದ, ವೈಫೈಯ ಮೊದಲ ಮಾನಕ ಸಿದ್ಧವಾಯಿತು.

ನಮ್ಮ ದೇಶದ ಕಥೆ ಬೇರೆ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ನೆರಳಿನಲ್ಲಿ, ಮನೆಯ ರೇಡಿಯೋಗೂ ಅಂಚೆಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿದ ತಲೆಮಾರು ನಮ್ಮಲ್ಲಿನ್ನೂ ಇದೆ. ಅಂಥ ದೇಶದಲ್ಲಿ 2005ರ ಜನವರಿಯಲ್ಲಿ ಸರ್ಕಾರವು 2.4 ಗಿಗಾಹರ್ಟ್ಸ್ ಪಟ್ಟಿಯ ಹೊರಾಂಗಣ ಬಳಕೆಯನ್ನು ಲೈಸೆನ್ಸಿನಿಂದ ಬಿಡುಗಡೆ ಮಾಡಿದ ಬೆನ್ನಿಗೇ, ಫೆಬ್ರವರಿಯಲ್ಲಿ, ಹಿಮಾಚಲದ ಧರ್ಮಶಾಲೆಯಲ್ಲಿ ಸಮುದಾಯದ ಮೆಶ್ ಜಾಲವೊಂದು ಕಣ್ದೆರೆಯಿತು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯವಿದು. ಒಂದೇ ಎತ್ತರದ ಗೋಪುರದಿಂದ ಎಲ್ಲರಿಗೂ ಸಿಗ್ನಲ್ ಹಂಚೋಣವೆಂದರೆ ನಡುವೆ ಗುಡ್ಡಗಳು ಅಡ್ಡ ನಿಲ್ಲುತ್ತಿದ್ದವು. ವಿದ್ಯುತ್ತೋ, ಯಾವ ಕ್ಷಣದಲ್ಲಿ ಹೋಗುವುದೆಂದು ಹೇಳಲಾಗದು. ಆದಕಾರಣ ಮನೆಬಳಕೆಗೆಂದು ಮಾರುವ ಅಗ್ಗದ ರೌಟರುಗಳ ತಂತ್ರಾಂಶವನ್ನು ಬದಲಿಸಿ, ಮಳೆನೀರು ಹೊಗದ ಪೆಟ್ಟಿಗೆಗಳಲ್ಲಿ ಭದ್ರಪಡಿಸಿ, ಚಾವಣಿಗಳ ಮೇಲೆ ನೆಟ್ಟರು. ಒಂದು ಆರಿದರೆ ಸಂದೇಶವು ಇನ್ನೊಂದರ ಹಾದಿಯಾಗಿ ಹರಿಯುತ್ತಿತ್ತು. ಆಂಟೆನಾವನ್ನು ಹಿಡಿದು ಜೋತಾಡುವ ಕೋತಿಗಳನ್ನು ಮಾತ್ರ ಬ್ಯಾರನ್ನನ ವರದಿಗಳು ಎಣಿಸಿರಲಿಲ್ಲ. ಅವುಗಳ ಭಾರಕ್ಕೂ ಬಗ್ಗದ ಕಂಬಗಳು ಬೇಕಾದವು. ಮೂವತ್ತಕ್ಕೂ ಮಿಕ್ಕ ಗ್ರಂಥಿಗಳಿದ್ದ ಆ ಜಾಲವೆಲ್ಲವೂ ಒಂದೇ ರೇಡಿಯೋ ಚಾನೆಲ್ಲಿನಲ್ಲಿ ಮಾತನಾಡುತ್ತಿತ್ತೆಂಬುದನ್ನು ಕೊಳ್ಳುವವನು ನೆನಪಿಡತಕ್ಕದ್ದು.

ಏಕೆಂದರೆ ಮೆಶ್ಶಿನ ಗುಟ್ಟೂ ಕುಂದೂ ಅಲ್ಲಿಯೇ ಅಡಗಿವೆ. ಒಂದೇ ಚಾನೆಲ್ಲಿನಲ್ಲಿ ಕೇಳುವ ಪೆಟ್ಟಿಗೆಯು ತಾನು ಕೇಳುತ್ತಿರುವಾಗ ಹೇಳಲಾರದು, ಹೇಳುತ್ತಿರುವಾಗ ಕೇಳಲಾರದು. ಬಾವಿಯಿಂದ ಬಚ್ಚಲ ಹಂಡೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುವವರಲ್ಲಿ, ಕೊಟ್ಟ ಬಳಿಕವೇ ಹಿಂದಿರುಗಿ ತೆಗೆದುಕೊಳ್ಳಬೇಕಾದವನ ಪಾಡು ಅದರದು. ಹೀಗೆ ನಡುವಣ ಪೆಟ್ಟಿಗೆಯನ್ನು ದಾಟುವ ಒಂದು ಜಿಗಿತಕ್ಕೆ ವೇಗವು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಮತ್ತೊಂದು ಜಿಗಿತಕ್ಕೆ ಇನ್ನಷ್ಟು.

2016ರಲ್ಲಿ ಈರೋ ಎಂಬ ಕಂಪನಿಯು ಈ ಜಾಲವನ್ನು ಮನೆಬಳಕೆಯ ಅಂದದ ಪೆಟ್ಟಿಗೆಗಳಾಗಿ ಅಮೆರಿಕೆಯ ಮಾರುಕಟ್ಟೆಗೆ ತಂದಿತು. ಆ ವರ್ಷವೇ ಗೂಗಲ್, ನೆಟ್‌ಗಿಯರ್ ಮುಂತಾದವು ಹಿಂಬಾಲಿಸಿದವು. ಪೆಟ್ಟಿಗೆಗಳ ಪರಸ್ಪರ ಮಾತುಕತೆಗೆಂದೇ ಪ್ರತ್ಯೇಕ ರೇಡಿಯೋವನ್ನು ಮೀಸಲಿಟ್ಟ ಮೂರು ಬ್ಯಾಂಡಿನ ಮಾದರಿಗಳು ಬಂದದ್ದು ಮೇಲೆ ಹೇಳಿದ ಹಳೆಯ ಕುಂದನ್ನು ನೀಗಲೆಂದೇ. ಆದ್ದರಿಂದ ಕೊಳ್ಳುವಾಗ ಡಬ್ಬಿಯ ಮೇಲಣ ದೊಡ್ಡ ಅಂಕಿಗೆ ಮರುಳಾಗದೆ, ಪೆಟ್ಟಿಗೆಯು ಪೆಟ್ಟಿಗೆಯೊಡನೆ ಯಾವ ಹಾದಿಯಲ್ಲಿ ಮಾತನಾಡುವುದೆಂದು ವಿಚಾರಿಸಬೇಕು. ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಲ್ಲಿ ಬಹುಪಾಲು ಧರ್ಮಶಾಲೆಯ ಆ 2.4 ಗಿಗಾಹರ್ಟ್ಸ್ ಪಟ್ಟಿಯನ್ನೇ ಇಂದಿಗೂ ನೆಚ್ಚಿಕೊಂಡಿರುವುದರಿಂದ ಅದಕ್ಕೂ ಸ್ಥಳವಿರಬೇಕು. ಎರಡನೆಯ ಪೆಟ್ಟಿಗೆಯನ್ನು ಸಿಗ್ನಲ್ ಸತ್ತ ಕೋಣೆಯಲ್ಲಿಟ್ಟರೆ ಫಲವಿಲ್ಲ, ಅದಿನ್ನೂ ಜೀವಂತವಾಗಿರುವ ನಡುದಾರಿಯಲ್ಲಿಡಬೇಕು. ಮನೆ ಇನ್ನೂ ಕಟ್ಟುತ್ತಿರುವವರಾದರೆ, ಗಿಲಾವು ಆಗುವ ಮೊದಲೇ ಮಹಡಿಗೊಂದು ಪೈಪು ಹಾಯಿಸಿ ಈಥರ್ನೆಟ್ ಕೇಬಲ್ ಎಳೆಸಿಬಿಡಿ. ತಂತಿಯಿಲ್ಲದ ಜಾಲಕ್ಕೂ ಆ ತಂತಿಯಷ್ಟು ಒಳ್ಳೆಯ ಬೆನ್ನೆಲುಬು ಬೇರೊಂದಿಲ್ಲ.