ಬೆಂಕಿ ಇದೆ, ನೆಲ ತಣ್ಣಗಿದೆ

ನೆಲದಡಿಯ ಟೊಳ್ಳಿನೊಳಗೆ ಒಂದು ಚೆಂಡು ಎಸೆಯಿರಿ. ಅದು ಒಳಗೆಲ್ಲೂ ನಿಲ್ಲದೆ ಉರುಳಿಕೊಂಡು ಒಲೆಯ ಬಾಯಿಗೇ ಮರಳಿ ಬಂದರೆ ಕೆಲಸ ಸರಿಯಾಗಿದೆ ಎಂದು ಅರ್ಥ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ಹತ್ತು ಭಾಗಗಳ ತನ್ನ ಗ್ರಂಥದ ಐದನೆಯ ಭಾಗದಲ್ಲಿ ಸ್ನಾನಗೃಹ ಕಟ್ಟುವವರಿಗೆ ಸೂಚಿಸಿದ ಪರೀಕ್ಷೆ ಇದು. ಒಲೆಯಿಂದ ದೂರ ಹೋದಂತೆಲ್ಲ ತಳ ಸ್ವಲ್ಪ ಸ್ವಲ್ಪವೇ ಏರಬೇಕು. ಬಿಸಿ ಗಾಳಿ ಏರುದಾರಿ ಹಿಡಿದು ಓಡುತ್ತದೆ; ತಳ ಸಮತಟ್ಟಾಗಿದ್ದರೆ ಕೋಣೆಯ ಆ ತುದಿಗೆ ಅಷ್ಟು ಸುಲಭವಾಗಿ ತಲುಪುವುದಿಲ್ಲ.

ವಿಟ್ರೂವಿಯಸ್ ಉಳಿದ ವಿವರಗಳಲ್ಲೂ ಅಷ್ಟೇ ಕಟ್ಟುನಿಟ್ಟು. ಎಂಟು ಅಂಗುಲದ ಇಟ್ಟಿಗೆ ಪೇರಿಸಿದ ಎರಡು ಅಡಿ ಎತ್ತರದ ಕಿರುಗಂಬಗಳು, ಅವನ್ನು ಕೂಡಿಸಲು ಕೂದಲು ಬೆರೆಸಿ ನಾದಿದ ಜೇಡಿಮಣ್ಣು, ಮೇಲೆ ಎರಡಡಿ ಅಗಲದ ಹೆಂಚು, ಅದರ ಮೇಲೆ ಗಾರೆಯ ನೆಲ. ಹೈಪೋಕಾಸ್ಟ್ ಎಂಬ ಗ್ರೀಕ್ ಮೂಲದ ಹೆಸರಿಗೆ ‘ಅಡಿಯಿಂದ ಉರಿಯುವುದು’ ಎಂದಷ್ಟೇ ಅರ್ಥ. ಇಷ್ಟೆಲ್ಲ ಬರೆದವನು ಎಷ್ಟು ಸೌದೆ ಹಾಕಬೇಕು ಎಂಬುದಕ್ಕಿಂತ ಕಾವು ಯಾವ ದಾರಿಯಲ್ಲಿ ಹೋಗಬೇಕು ಎಂಬುದಕ್ಕೇ ಹೆಚ್ಚು ಗಮನ ಕೊಟ್ಟಿದ್ದಾನೆ ಎಂಬುದನ್ನು ನೆನಪಿಟ್ಟುಕೊಳ್ಳಿ. ನೆಲ ಬಿಸಿಯಾಗದಿದ್ದಾಗ ಎಲ್ಲ ಕಾಲದ ಜನರೂ ಮೊದಲು ಮಾಡಿದ್ದು ಬೆಂಕಿ ಹೆಚ್ಚಿಸುವುದನ್ನು. ಊರು ಊರಿನಲ್ಲೂ ತಪ್ಪು ಇದ್ದದ್ದು ಮಾತ್ರ ಹೆಚ್ಚಾಗಿ ದಾರಿಯಲ್ಲಿ.

ಚೆನ್ನೈ, ಮುಂಬಯಿಯಲ್ಲಿ ಕುಳಿತು ಓದುವವರಿಗೆ ನೆಲ ಬೆಚ್ಚಗಾಗದ ದೂರು ತಮಾಷೆ ಅನಿಸಬಹುದು. ಜನವರಿಯ ದೆಹಲಿಯಲ್ಲಿ ಬೆಳಗ್ಗೆ ಎದ್ದು ಮಾರ್ಬಲ್ ನೆಲಕ್ಕೆ ಬರಿಗಾಲು ಇಟ್ಟವರಿಗೆ ಅನಿಸಲಾರದು. ಇನ್ನು ಕಾಶ್ಮೀರದಲ್ಲಿ ಇದು ಈಗಲೂ ಬದುಕಿನ ಭಾಗ. ಅಲ್ಲಿನ ಮಸೀದಿಗಳ ಹಮ್ಮಾಮಿನಲ್ಲಿ ಕಲ್ಲುಚಪ್ಪಡಿಗಳ ನೆಲ, ಅದರಡಿ ಟೊಳ್ಳು, ಹೊರಗಿನ ಬಾಯಿಂದ ತುಂಬುವ ಸೌದೆ, ಜೊತೆಗೆ ನೀರು ಕಾಯಲು ಹುಗಿದಿಟ್ಟ ತಾಮ್ರದ ಹಂಡೆ. ಮಲೆನಾಡಿನ ಬಚ್ಚಲಮನೆ ನೋಡಿದವರಿಗೆ ಅರ್ಧ ಚಿತ್ರ ಆಗಲೇ ಸಿಕ್ಕಿರುತ್ತದೆ: ನಮ್ಮದು ಹಂಡೆಗಷ್ಟೇ ನಿಂತಿತು, ಅವರದು ನೆಲಕ್ಕೂ ಹಬ್ಬಿತು.

ರೋಮನ್ನರ ಹೈಪೋಕಾಸ್ಟಿನಲ್ಲೂ ಕಾವು ಎಲ್ಲೆಡೆ ಒಂದೇ ಸಮನೆ ಇರಲಿಲ್ಲ. ಅವರು ಆ ದೋಷವನ್ನೇ ವ್ಯವಸ್ಥೆ ಮಾಡಿಕೊಂಡರು. ಒಲೆಗೆ ಹತ್ತಿರದ ಕೋಣೆ ಬಿಸಿನೀರಿನ ಸ್ನಾನಕ್ಕೆ, ಅದರಾಚೆಯದು ಉಗುರುಬೆಚ್ಚನೆಯ ಕೋಣೆ, ಅದರಾಚೆ ತಣ್ಣೀರು. ಗೋಡೆಯೊಳಗೂ ಟೊಳ್ಳು ಹೆಂಚಿನ ಕೊಳವೆಗಳನ್ನು ಕೂಡಿಸಿದ ಮೇಲೆ ಹೊಗೆಯನ್ನು ಮೇಲಕ್ಕೆ ಎಳೆಯುವ ಬಲ ಬಂತು, ಗೋಡೆಯೂ ಬೆಚ್ಚಗಾಯಿತು. ಕಿರಿಯ ಪ್ಲಿನಿ ತನ್ನ ಕಡಲತೀರದ ಮನೆಯನ್ನು ವರ್ಣಿಸುವ ಪತ್ರದಲ್ಲಿ, ಮಲಗುವ ಕೋಣೆಗೆ ಅಂಟಿದ ಪುಟ್ಟ ಹೈಪೋಕಾಸ್ಟ್ ಕೋಣೆಯನ್ನೂ, ಬೇಕಾದಾಗ ಕಾವನ್ನು ಬಿಡಲು, ಬೇಡದಾಗ ತಡೆಯಲು ಇದ್ದ ಕಿರುಕಿಂಡಿಯನ್ನೂ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಇಂದಿನ ವಾಲ್ವ್ ಮಾಡುವ ಕೆಲಸ ಅದೇ. ಅದಕ್ಕೆ ಸೌದೆ ಹೊತ್ತು ಹಾಕುತ್ತಿದ್ದ ಗುಲಾಮರ ಬಗ್ಗೆ ಪ್ಲಿನಿ ಅಷ್ಟು ವಿವರವಾಗಿ ಬರೆಯುವುದಿಲ್ಲ, ಬಿಡಿ.

ಈ ವಿದ್ಯೆಯನ್ನು ಶ್ರೀಮಂತರ ಸ್ನಾನಗೃಹದಿಂದ ಹೊರತಂದು ಸಾಮಾನ್ಯರ ಮಲಗುವ ಮನೆಗೆ ಒಗ್ಗಿಸಿದವರೆಂದರೆ ಕೊರಿಯನ್ನರು. ಅವರು ರೋಮಿನಿಂದ ಕಲಿತದ್ದಲ್ಲ, ತಮ್ಮ ಚಳಿಯಿಂದ ಕಲಿತದ್ದು. ಅವರ ಒಂದೋಲ್ ವ್ಯವಸ್ಥೆಯಲ್ಲಿ ಅಡುಗೆಮನೆಯ ಒಲೆಯೇ ಮೂಲ. ಅನ್ನ ಬೇಯಿಸಿದ ಬೆಂಕಿಯ ಹೊಗೆ, ಪಕ್ಕದ ಕೋಣೆಯ ನೆಲದಡಿಯ ಕಾಲುವೆಗಳಲ್ಲಿ ಹಾದು ಆಚೆ ತುದಿಯ ಚಿಮಣಿಯಿಂದ ಹೊರಬೀಳುತ್ತದೆ. ಕಾಲುವೆಗಳ ಮೇಲೆ ಕಲ್ಲಿನ ಚಪ್ಪಡಿ, ಮೇಲೆ ಮಣ್ಣು, ಅದರ ಮೇಲೆ ಎಣ್ಣೆ ಹಚ್ಚಿದ ದಪ್ಪ ಕಾಗದ. ಜನ ಅದರ ಮೇಲೇ ಕೂರುತ್ತಾರೆ, ಉಣ್ಣುತ್ತಾರೆ, ಹಾಸಿಕೊಂಡು ಮಲಗುತ್ತಾರೆ.

ಇಲ್ಲಿಯೂ ಅದೇ ತೊಡಕು. ಒಲೆಯ ಕಡೆಯ ನೆಲ ಕಾಗದ ಕಂದುವಷ್ಟು ಕಾದರೆ ಆಚೆ ತುದಿ ಕೊರೆಯುತ್ತಿರುತ್ತದೆ. ಬಿಸಿ ತುದಿಗೆ ಅರೆನ್ಮೋಕ್, ಅಂದರೆ ಕೆಳಗಿನ ಕಡೆ. ತಣ್ಣನೆಯ ತುದಿಗೆ ವಿನ್ಮೋಕ್, ಮೇಲಿನ ಕಡೆ. ಅಜ್ಜ ಅಜ್ಜಿ ಮತ್ತು ಬಂದ ನೆಂಟರಿಗೆ ಅರೆನ್ಮೋಕ್, ಕಿರಿಯರಿಗೆ ಉಳಿದ ಜಾಗ. ಕೋಣೆಯ ಉಷ್ಣತೆಯ ನಕ್ಷೆಯೇ ಮನೆಯ ಹಿರಿತನದ ನಕ್ಷೆಯೂ ಆಯಿತು.

ಹಾಗೆಂದು ಕಟ್ಟುವವರು ಸುಮ್ಮನಿರಲಿಲ್ಲ. ಒಲೆಯ ಬಳಿ ದಪ್ಪ ಚಪ್ಪಡಿ, ದೂರದಲ್ಲಿ ತೆಳು ಚಪ್ಪಡಿ ಹಾಸಿದರು. ದಪ್ಪದ್ದು ನಿಧಾನವಾಗಿ ಕಾದು ರಾತ್ರಿಯಿಡೀ ಕಾವು ಹಿಡಿದಿಡುತ್ತದೆ, ತೆಳುವಾದದ್ದು ಅಲ್ಲಿಗೆ ತಲುಪುವ ಅಲ್ಪ ಕಾವಿಗೇ ಬೇಗ ಬೆಚ್ಚಗಾಗುತ್ತದೆ. ಕಾಲುವೆಗಳ ಕೊನೆಯಲ್ಲಿ ಒಂದು ಗುಂಡಿ ತೋಡಿದರು. ಮಸಿ, ಬೂದಿ ಅದರಲ್ಲಿ ಕೂರಲಿ, ಚಿಮಣಿಯಿಂದ ಇಳಿಯುವ ತಣ್ಣನೆ ಗಾಳಿ ಅಲ್ಲೇ ತಡೆದು ನಿಲ್ಲಲಿ ಎಂದು. ಇಷ್ಟಾದರೂ ವರ್ಷಗಳು ಕಳೆದಂತೆ ಮಸಿ ಕಟ್ಟಿ ಕಾಲುವೆ ಕಿರಿದಾಗುತ್ತದೆ. ಹೊಗೆ ಅಡುಗೆಮನೆಗೇ ಮರಳುತ್ತದೆ, ನೆಲ ತಣ್ಣಗೇ ಇರುತ್ತದೆ, ಸೌದೆ ಮಾತ್ರ ದುಪ್ಪಟ್ಟು ಉರಿಯುತ್ತದೆ. ಆಗ ಬೇಕಾಗುತ್ತಿದ್ದವನು ಚಿಮಣಿ ಬಳಿಯುವವನು. ಹೆಗಲ ಮೇಲೆ ಬಿದಿರಿನ ಉದ್ದ ಸಲಾಕೆ ಹೊತ್ತು, ಜಾಗಟೆ ಬಾರಿಸುತ್ತ ಅವನು ಓಣಿ ಓಣಿ ತಿರುಗುತ್ತಿದ್ದ. ಕೂಗುತ್ತಿದ್ದದ್ದು ಒಂದೇ ಮಾತು, ‘ತೂತು ಬಿಡಿಸಿ!’ ಎಂಬರ್ಥದ್ದು. ಪಾತ್ರೆಗೆ ಕಲಾಯಿ ಹಾಕುವವನ ಕೂಗು ಕೇಳಿದ ನಮ್ಮ ಹಿರಿಯರಿಗೆ ಇದು ಅಪರಿಚಿತ ಎನಿಸದು.

ಕಾವಿನ ದಾರಿ ಕೆಟ್ಟರೆ ನೆಲ ತಣ್ಣಗಾಗುವುದಷ್ಟೇ ಅಲ್ಲ, ಜೀವವೂ ಹೋಗುತ್ತದೆ ಎಂದು ದಕ್ಷಿಣ ಕೊರಿಯಾ ಕಲಿತದ್ದು ಯುದ್ಧಾನಂತರದ ದಶಕಗಳಲ್ಲಿ. ಬೆಟ್ಟಗಳು ಬೋಳಾಗಿದ್ದವು, ಸೌದೆ ಇರಲಿಲ್ಲ. ಬದಲಿಗೆ ಬಂದದ್ದು ಯೊನ್ತಾನ್, ಅಂದರೆ ಕಲ್ಲಿದ್ದಲ ಪುಡಿ ಒತ್ತಿ ಮಾಡಿದ, ಮೈತುಂಬ ತೂತುಗಳಿರುವ ಉಂಡೆ. ಒಂದು ಉಂಡೆ ಗಂಟೆಗಟ್ಟಲೆ ಉರಿಯುತ್ತದೆ, ಅಗ್ಗ, ಬಡವರ ಮನೆಯೂ ಬೆಚ್ಚಗಾಯಿತು. ಆದರೆ ಕಲ್ಲಿದ್ದಲು ಮಂದವಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸೌದೆಯ ಹೊಗೆ ಕಣ್ಣು ಉರಿಸಿ ಎಚ್ಚರಿಸುತ್ತಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆಯ ನೆಲದ ಒಂದು ಬಿರುಕು ಸಾಕಿತ್ತು, ರಾತ್ರಿ ಮಲಗಿದ ಸಂಸಾರ ಬೆಳಗ್ಗೆ ಏಳುತ್ತಿರಲಿಲ್ಲ. ಚಳಿಗಾಲದ ಪತ್ರಿಕೆಗಳಲ್ಲಿ ಇದು ಮಾಮೂಲಿ ಸುದ್ದಿಯಾಯಿತು. ಬದುಕುಳಿದವರಿಗೆ ಮೂಲಂಗಿ ಉಪ್ಪಿನಕಾಯಿಯ ತಿಳಿ ಕುಡಿಸುವುದು ಮನೆಮದ್ದು. ಆಸ್ಪತ್ರೆಗಳು ಅಧಿಕ ಒತ್ತಡದಲ್ಲಿ ಆಮ್ಲಜನಕ ಕೊಡುವ ಕೊಠಡಿಗಳನ್ನೇ ತರಿಸಬೇಕಾಯಿತು. ನೆಲ ಇನ್ನೂ ಬೆಚ್ಚಗಾಗಲಿ ಎಂದು ಮತ್ತೊಂದು ಉಂಡೆ ಇಡುವ ಮೊದಲು ಬಿರುಕು ಮುಚ್ಚಬೇಕಿತ್ತು. ಬಾಡಿಗೆ ಕೋಣೆಯಲ್ಲಿ ಬಿರುಕು ಮುಚ್ಚಿಸುವವರು ಯಾರು?

ಇದಕ್ಕೆ ಉತ್ತರ ಬಂದದ್ದು ಹೊಗೆಯ ಬದಲು ನೀರು ಹರಿಸುವುದರಲ್ಲಿ. ಆ ಕಥೆಯಲ್ಲಿ ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಬರುತ್ತಾನೆ. 1910ರ ದಶಕದ ಒಂದು ಚಳಿಗಾಲ, ಟೋಕಿಯೋದಲ್ಲಿ ಒಕುರಾ ಎಂಬ ಧನಿಕನ ಮನೆಯ ಊಟಕ್ಕೆ ಹೋದವನು ಚಳಿಗೆ ನಡುಗಿಹೋದ. ಊಟದ ನಂತರ ಅವನನ್ನು ‘ಕೊರಿಯನ್ ಕೋಣೆ’ಗೆ ಕರೆದೊಯ್ದರು. ಎಲ್ಲಿ ನೋಡಿದರೂ ಬೆಂಕಿ ಕಾಣದು, ಆದರೂ ವಸಂತ ಬಂದಂತೆ ಹಿತ. ಆ ಅನುಭವವನ್ನು ರೈಟ್ ಆತ್ಮಕಥೆಯಲ್ಲಿ ಬರೆದಿದ್ದಾನೆ. 1937ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಜೇಕಬ್ಸ್ ದಂಪತಿಗೆ ಕಟ್ಟಿಕೊಟ್ಟ ಮನೆಯಲ್ಲಿ ಕಾಂಕ್ರೀಟ್ ನೆಲದಡಿ ಕೊಳವೆ ಹಾಸಿದ. ತನ್ನ ಶುಲ್ಕವೂ ಸೇರಿ ಮನೆಯ ಖರ್ಚು 5,500 ಡಾಲರ್. 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಚಂದದ ಮನೆ ಅದು. ಆದರೆ ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯಬಲ್ಲ ಊರಿನಲ್ಲಿ, ತೋಟದ ಕಡೆಗೆ ಗೋಡೆಯುದ್ದಕ್ಕೂ ಒಂಟಿ ಪದರದ ಗಾಜಿನ ಬಾಗಿಲುಗಳು.

ಅಲ್ಲಿ ಅಡಗಿರುವ ಲೆಕ್ಕವನ್ನು ಇಂದಿನ ಎಂಜಿನಿಯರುಗಳು ಹೀಗೆ ಹೇಳುತ್ತಾರೆ. ನೆಲದ ಮೇಲ್ಮೈ 29 ಡಿಗ್ರಿ ದಾಟಿದರೆ ಪಾದಕ್ಕೆ ಹಿತವಲ್ಲ. ಕೋಣೆ 20 ಡಿಗ್ರಿ ಇರುವಾಗ 29 ಡಿಗ್ರಿಯ ನೆಲ ಒಂದು ಚದರ ಮೀಟರಿಗೆ ಕೊಡಬಲ್ಲದ್ದು ಸುಮಾರು 100 ವ್ಯಾಟ್. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಗೆ 930 ವ್ಯಾಟ್ ಆಯಿತು, ನಮ್ಮ ಬಾತ್‌ರೂಮಿನ ಎರಡು ಕಿಲೋವ್ಯಾಟ್ ಗೀಸರಿನ ಅರ್ಧಕ್ಕಿಂತ ಕಡಿಮೆ. ಗಾಜು, ಸಂದು, ಛಾವಣಿಗಳಿಂದ ಅದಕ್ಕಿಂತ ಹೆಚ್ಚು ಸೋರಿಹೋಗುತ್ತಿದ್ದರೆ ಬಾಯ್ಲರಿನ ಉಷ್ಣತೆ ಏರಿಸಿ ಪ್ರಯೋಜನವಿಲ್ಲ. ತೂತು ಕೊಡಕ್ಕೆ ನೀರು ಹೊತ್ತಂತೆ.

1947ರಿಂದ ನ್ಯೂಯಾರ್ಕ್ ಬಳಿಯ ಲೆವಿಟ್‌ಟೌನ್‌ನಲ್ಲಿ ಯುದ್ಧದಿಂದ ಮರಳಿದ ಸೈನಿಕರ ಕುಟುಂಬಗಳಿಗೆಂದು ಸಾವಿರಾರು ಸಣ್ಣ ಮನೆಗಳು ಎದ್ದಾಗ, ಅವುಗಳ ಕಾಂಕ್ರೀಟಿನೊಳಗೆ ತಾಮ್ರದ ಕೊಳವೆ ಹುದುಗಿಸಿದರು. ಕೆಲವು ದಶಕಗಳಲ್ಲಿ ಕೊಳವೆಗಳು ಸೋರಲು ಶುರುವಾದವು. ಕಾಂಕ್ರೀಟ್ ಒಡೆಯದೆ ಸೋರಿಕೆ ಹುಡುಕುವುದು ಕಷ್ಟ. ಎಷ್ಟೋ ಮಾಲೀಕರು ನೆಲದ ಕೊಳವೆಗೆ ನೀರು ನಿಲ್ಲಿಸಿ, ಗೋಡೆಯಂಚಿಗೆ ಹೀಟರ್ ಜೋಡಿಸಿಕೊಂಡರು.

ಈಗ ತಾಮ್ರದ ಜಾಗಕ್ಕೆ ತುಕ್ಕು ಹಿಡಿಯದ ಪ್ಲಾಸ್ಟಿಕ್ ಕೊಳವೆ ಬಂದಿದೆ. ಆದರೂ ನೆಲ ಬಿಸಿಯಾಗುತ್ತಿಲ್ಲ ಎಂದು ಕರೆಸಿದ ಅನುಭವಿ ಮೆಕ್ಯಾನಿಕ್ ಬಾಯ್ಲರನ್ನು ಕಡೆಗೆ ಮುಟ್ಟುತ್ತಾನೆ. ಮೊದಲು ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆಯೇ ನೋಡುತ್ತಾನೆ. ಒಂದು ಗುಳ್ಳೆ ಸಾಕು ಇಡೀ ಸುತ್ತಿನ ಹರಿವು ನಿಲ್ಲಲು. ಆಮೇಲೆ ಹೋಗುವ ನೀರಿಗೂ ಮರಳುವ ನೀರಿಗೂ ಎಷ್ಟು ಡಿಗ್ರಿ ಅಂತರ ಎಂದು ಕೈಯಿಟ್ಟೇ ಅಂದಾಜು ಮಾಡುತ್ತಾನೆ. ಅಂತರ ತೀರಾ ಹೆಚ್ಚಿದ್ದರೆ ನೀರು ನಿಧಾನವಾಗಿ ಹರಿಯುತ್ತಿದೆ ಎಂದರ್ಥ. ಹತ್ತಿರದ ಕೋಣೆಯ ಗಿಡ್ಡ ಸುತ್ತೇ ನೀರನ್ನೆಲ್ಲ ನುಂಗುತ್ತಿದ್ದರೆ ಅದರ ವಾಲ್ವ್ ತುಸು ಬಿಗಿದು, ದೂರದ ಕೋಣೆಯ ಉದ್ದ ಸುತ್ತಿಗೆ ದಾರಿ ಬಿಡುತ್ತಾನೆ. ಒಲೆಯ ಬಳಿ ದಪ್ಪ ಕಲ್ಲು ಹಾಸಿದ ಕೊರಿಯನ್ ಮೇಸ್ತ್ರಿ ಬಗೆಹರಿಸಲು ಹೊರಟಿದ್ದೂ ಇದೇ ತೊಡಕನ್ನು. ಕೊಳವೆಯಡಿ ಶಾಖನಿರೋಧಕ ಪದರ ಹಾಕದೆ ಬಿಟ್ಟಿದ್ದರೆ ಮಾತ್ರ ಯಾವ ವಾಲ್ವೂ ನೆರವಿಗೆ ಬಾರದು, ಕಾವು ಭೂಮಿಗೆ ಇಳಿಯುತ್ತಲೇ ಇರುತ್ತದೆ. ಒಮ್ಮೊಮ್ಮೆ ಕಾರಣ ಕಣ್ಣೆದುರೇ ಹಾಸಿರುತ್ತದೆ: ಮನೆಯವರು ಆಸೆಪಟ್ಟು ತಂದ ದಪ್ಪ ರತ್ನಗಂಬಳಿ.

ಕೊರಿಯಾದ ಅಪಾರ್ಟ್‌ಮೆಂಟುಗಳಲ್ಲೂ ಈಗ ನೆಲದಡಿ ನೀರೇ ಹರಿಯುತ್ತದೆ. ಹೊಗೆಯಿಲ್ಲ, ಬಿರುಕಿನ ಭಯವಿಲ್ಲ, ಕೋಣೆಯ ಎಲ್ಲ ಮೂಲೆಗಳಲ್ಲೂ ಹೆಚ್ಚುಕಡಿಮೆ ಒಂದೇ ಬಿಸಿ. ಹಿಂದೆ ರಾತ್ರಿ ತಡವಾಗಿ ಮನೆಗೆ ಬರುವವರಿಗಾಗಿ ಅನ್ನದ ಬಟ್ಟಲಿಗೆ ಮುಚ್ಚಳ ಹಾಕಿ, ಅರೆನ್ಮೋಕ್‌ನಲ್ಲಿ ಕೌದಿಯಡಿ ಹುದುಗಿಸಿ ಇಡುತ್ತಿದ್ದರು. ಈಗಿನ ನೆಲದಲ್ಲಿ ಅನ್ನ ಬಿಸಿಯಾಗಿ ಉಳಿಯುವಷ್ಟು ಕಾಯುವ ಜಾಗ ಯಾವುದೂ ಇಲ್ಲ. ಆ ಕೆಲಸ ಎಲೆಕ್ಟ್ರಿಕ್ ಕುಕ್ಕರಿಗೆ ಹೋಗಿದೆ.