ಗಾಲಿ ಮೊದಲು, ಗುದ್ದಲಿ ಆಮೇಲೆ

ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಮರಿನ್ ಕೌಂಟಿ ಸಿಗುತ್ತದೆ. ಅಲ್ಲಿ ಫೇರ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಪಕ್ಕದ ಗುಡ್ಡದಿಂದ ಒಂದು ಮಣ್ಣಿನ ರಸ್ತೆ ಇಳಿಯುತ್ತದೆ. ನಕ್ಷೆಯಲ್ಲಿ ಅದರ ಹೆಸರು ಕ್ಯಾಸ್ಕೇಡ್ ಕ್ಯಾನ್ಯನ್ ಫೈರ್ ರೋಡ್. ಕಾಡಿಗೆ ಬೆಂಕಿ ಬಿದ್ದಾಗ ಆರಿಸುವವರ ವಾಹನ ಹತ್ತಲೆಂದು ಕಡಿದ ದಾರಿ ಅದು. ಸೈಕಲ್ ಮಂದಿಯ ಬಾಯಲ್ಲಿ ಅದು ರೀಪ್ಯಾಕ್. ಸುಮಾರು ಎರಡು ಮೈಲಿಯಲ್ಲಿ 1,300 ಅಡಿ ಇಳಿಯುತ್ತದೆ. 1970ರ ದಶಕದಲ್ಲಿ ಅಲ್ಲಿ ಇಳಿಯುತ್ತಿದ್ದ ಹಳೆಯ ಸೈಕಲ್‌ಗಳಲ್ಲಿ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಗಾಲಿಯ ಹಬ್ಬಿನೊಳಗೇ ಬ್ರೇಕ್ ಹಿಡಿಯುತ್ತಿತ್ತು. ಒಂದು ಸಲ ಕೆಳಗಿಳಿಯುವಷ್ಟರಲ್ಲಿ ಹಬ್ಬಿನ ಗ್ರೀಸೆಲ್ಲ ಕಾದು ಹೊಗೆಯಾಗಿ ಹೋಗಿರುತ್ತಿತ್ತು. ಮತ್ತೆ ಇಳಿಯಬೇಕೆಂದರೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಆ ಮರುತುಂಬುವ ಕೆಲಸದ ಹೆಸರೇ ರಸ್ತೆಗೆ ಅಂಟಿಕೊಂಡಿತು.

ಅಲ್ಲಿ ಮೊದಲ ಪಂದ್ಯ ನಡೆದದ್ದು 1976ರ ಅಕ್ಟೋಬರ್ 21ರಂದು. ಪಂದ್ಯವೆಂದರೆ ಕೆಲವು ಗೆಳೆಯರು ಸೇರಿ, ಒಬ್ಬರ ಹಿಂದೊಬ್ಬರು ಇಳಿದು, ಯಾರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕ ಹಾಕಿಕೊಂಡದ್ದು, ಅಷ್ಟೆ. ಅಂದು ಗೆದ್ದವರು ಅಲನ್ ಬಾಂಡ್ಸ್. ಪಂದ್ಯ ನಡೆಸಿ, ಸಮಯ ಬರೆದಿಟ್ಟವರು ಚಾರ್ಲಿ ಕೆಲ್ಲಿ. ತಾವೂ ಸೈಕಲ್ ತುಳಿಯುತ್ತ ಇದನ್ನೆಲ್ಲ ಫೋಟೊದಲ್ಲಿ ಹಿಡಿದವರು ವೆಂಡಿ ಕ್ರ್ಯಾಗ್. 4 ನಿಮಿಷ 22 ಸೆಕೆಂಡಿನ ದಾಖಲೆ ಗ್ಯಾರಿ ಫಿಶರ್ ಅವರದು, ಅವರಿಗಿಂತ ಎರಡೇ ಸೆಕೆಂಡು ಹಿಂದೆ ಜೋ ಬ್ರೀಜ್. ಸೈಕಲ್‌ಗಳೋ, 1930-40ರ ದಶಕದ ದಪ್ಪ ಟೈರಿನ ಶ್ವಿನ್ ಎಕ್ಸೆಲ್ಸಿಯರ್‌ನಂಥವು. ಹಳೇ ಸಾಮಾನಿನ ರಾಶಿಯಿಂದ ಎತ್ತಿ ತಂದು, ಬೇಡದ್ದನ್ನೆಲ್ಲ ಕಿತ್ತೆಸೆದು ಇಟ್ಟುಕೊಂಡ ಭಾರದ ಗಾಡಿಗಳು.

ಮುಂದಿನದು ಗೊತ್ತಿರುವ ಕಥೆ. 1977ರಲ್ಲಿ ಬ್ರೀಜ್ ಗುಡ್ಡಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. 1979ರಲ್ಲಿ ಫಿಶರ್ ಮತ್ತು ಕೆಲ್ಲಿ, ಟಾಮ್ ರಿಚ್ಚಿ ಮಾಡಿಕೊಟ್ಟ ಫ್ರೇಮ್‌ಗಳನ್ನಿಟ್ಟುಕೊಂಡು ಮೌಂಟನ್‌ಬೈಕ್ಸ್ ಎಂಬ ಹೆಸರಿನಲ್ಲಿ ಮಾರಾಟಕ್ಕಿಳಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದು ಅಂಗಡಿ ಅಂಗಡಿಗೆ ತಲುಪಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದೊಂದು ಸ್ಪರ್ಧೆಯಾಯಿತು. ಇಪ್ಪತ್ತೇ ವರ್ಷ. ಈ ಕಥೆಯನ್ನು ಯಾರೇ ಹೇಳಲಿ, ಅದು ಯಂತ್ರದ ಕಥೆಯಾಗುತ್ತದೆ: ಫ್ರೇಮು, ಗೇರು, ಬ್ರೇಕು. ದಾರಿಯನ್ನು ಮಾಡಿದವರು ಯಾರು ಎಂಬ ಪ್ರಶ್ನೆ ಅದರಲ್ಲಿ ಬರುವುದೇ ಇಲ್ಲ. ಆ ದಿನಗಳಲ್ಲಿ ಸವಾರರಿಗೂ ಅದು ಹೊಳೆದಂತೆ ಕಾಣುವುದಿಲ್ಲ. ದಾರಿ ಇತ್ತು, ಇಳಿದರು.

ದಾರಿ ತಾನಾಗಿ ಇರಲಿಲ್ಲ. ಫೇರ್‌ಫ್ಯಾಕ್ಸ್‌ನ ದಕ್ಷಿಣಕ್ಕೆ ಎರಡೂವರೆ ಸಾವಿರ ಅಡಿ ಎತ್ತರದ ಟ್ಯಾಮಲ್‌ಪಾಯಸ್ ಬೆಟ್ಟವಿದೆ. ಹೆಸರು ಸ್ಪ್ಯಾನಿಷ್‌ನಂತೆ ಕೇಳಿಸಿದರೂ ಅಲ್ಲಿಯ ಮೂಲನಿವಾಸಿಗಳಾದ ಕೋಸ್ಟ್ ಮಿವೊಕ್ ಜನರ ನುಡಿಯದು. ಪಡುವಣ ಗುಡ್ಡ ಎಂಬ ಅರ್ಥ ಹೇಳುತ್ತಾರೆ. ಮೊದಲ ಹೆಜ್ಜೆ ಅವರದು. ಆಮೇಲೆ 1896ರಲ್ಲಿ ತುದಿಯವರೆಗೆ ರೈಲು ಬಂತು. ಎಂಟು ಮೈಲಿಗೆ 281 ತಿರುವು. ಇಂಜಿನ್ ಇಲ್ಲದ ಗಾಡಿಯಲ್ಲಿ ಪ್ರವಾಸಿಗರನ್ನು ಕೂರಿಸಿ, ಬ್ರೇಕಿನ ಮೇಲೊಬ್ಬನನ್ನು ನಿಲ್ಲಿಸಿ, ಇಳಿಜಾರಿನ ಸೆಳೆತಕ್ಕೇ ಬಿಟ್ಟು ಕೆಳಗಿಳಿಸುತ್ತಿದ್ದರು. ಬ್ರೇಕ್ ನಂಬಿ ಟ್ಯಾಮಲ್‌ಪಾಯಸ್ ಇಳಿಯುವ ಖುಷಿ ಹಾಗಾದರೆ ರೀಪ್ಯಾಕಿಗಿಂತ ಬಹಳ ಹಳೆಯದು. 1930ರಲ್ಲಿ ಹಳಿ ಕಿತ್ತರು, ಹಳಿಯ ಹಾಸು ರಸ್ತೆಯಾಗಿ ಉಳಿಯಿತು. ಆರ್ಥಿಕ ಕುಸಿತದ ಆ ದಶಕದಲ್ಲೇ ಕೆಲಸವಿಲ್ಲದ ಯುವಕರನ್ನು ಸರ್ಕಾರ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಪಡೆಯಾಗಿ ಕಟ್ಟಿ ಕಾಡಿಗೆ ಕಳಿಸಿತು. ಬೆಟ್ಟದ ಹಲವು ದಾರಿಗಳಲ್ಲಿ ಅವರ ಬೆವರಿದೆ.

ಇವರೆಲ್ಲರ ಜೊತೆ ಸಂಬಳವಿಲ್ಲದೆ ದುಡಿದವರೂ ಇದ್ದರು. 1912ರಲ್ಲಿ ಚಾರಣಿಗರು ಟ್ಯಾಮಲ್‌ಪಾಯಸ್ ಕನ್ಸರ್ವೇಶನ್ ಕ್ಲಬ್ ಕಟ್ಟಿಕೊಂಡರು. ರಜೆಯ ದಿನ ಗುದ್ದಲಿ, ಸಲಿಕೆ ಹೊತ್ತು ಬಂದು ಪೊದೆ ಸವರುವುದು, ಕುಸಿದ ಅಂಚು ಕಟ್ಟುವುದು, ಕಸ ಹೆಕ್ಕುವುದು. ಬೆಟ್ಟದ ಬಹುಪಾಲು ನೀರು ಸರಬರಾಜು ಸಂಸ್ಥೆಯ ಜಲಾನಯನ ಭೂಮಿ. ಅದೂ ಹುಟ್ಟಿದ್ದು 1912ರಲ್ಲೇ. ಹೀಗೆ ಒಡೆತನ ಸಂಸ್ಥೆಯದು, ಆರೈಕೆಯ ರೂಢಿ ಚಾರಣಿಗರದು. ಕಾಗದದಲ್ಲಿ ಇಲ್ಲದ ಒಂದು ಹಕ್ಕು ಈ ರೂಢಿಯಿಂದ ಬೆಳೆಯಿತು.

ಎಪ್ಪತ್ತರ ಕೊನೆಗೆ ಇಂಥ ಬೆಟ್ಟಕ್ಕೆ ಗಾಲಿಗಳು ಬಂದವು. ಸೈಕಲ್ ಮಾರಾಟವಾದಂತೆಲ್ಲ ಬೆರಳೆಣಿಕೆಯ ಗೆಳೆಯರ ಜಾಗದಲ್ಲಿ ನೂರಾರು ಜನ. ಕುರುಡು ತಿರುವಿನಲ್ಲಿ ವಯಸ್ಸಾದವರ ಎದೆ ಝಲ್ಲೆನಿಸಿದ್ದು, ಕುದುರೆ ಬೆಚ್ಚಿದ್ದು, ದೂರಿನ ಮೇಲೆ ದೂರು. ನೀರಿನ ಸಂಸ್ಥೆ ಕಿರಿದಾದ ಕಾಲುದಾರಿಗಳಿಂದ ಸೈಕಲ್ಲನ್ನು ಹೊರಗಿಟ್ಟಿತು. ಅಗಲವಾದ ಫೈರ್ ರೋಡುಗಳಲ್ಲಿ ಮಾತ್ರ ಗಂಟೆಗೆ 15 ಮೈಲಿ, ತಿರುವಿನಲ್ಲಿ 5. ವೇಗ ಅಳೆಯುವ ರೇಡಾರ್ ಹಿಡಿದ ರೇಂಜರ್‌ಗಳು ಬಂದರು. ಕಾಲುದಾರಿ ಎಂಬ ನಮ್ಮ ಪದವನ್ನು ಆ ಚಾರಣಿಗರು ಕೇಳಿದ್ದರೆ ಬಹಳ ಸಂತೋಷಪಡುತ್ತಿದ್ದರು, ಹೆಸರಿನಲ್ಲೇ ತೀರ್ಪು ಇದೆಯೆಂದು. 1984ರಲ್ಲಿ ಅರಣ್ಯ ಇಲಾಖೆ ದೇಶದ ರಕ್ಷಿತ ವನ್ಯಪ್ರದೇಶಗಳಲ್ಲೂ ಸೈಕಲ್ ಕೂಡದೆಂದು ನಿಯಮದಲ್ಲಿ ಬರೆಯಿತು. ಮೌಂಟನ್ ಬೈಕ್ ಹುಟ್ಟಿದ ಊರಿನಲ್ಲೇ ಅದಕ್ಕೆ ಬೆಟ್ಟದ ಬಾಗಿಲು ಅರ್ಧ ಮುಚ್ಚಿತು.

ಕೆಲವರು ಕದ್ದು ಸವಾರಿ ಮಾಡಿದರು, ಕೆಲವರು ಕದ್ದು ದಾರಿಯನ್ನೇ ಕಡಿದರು. ಎರಡೂ ಬಾಗಿಲನ್ನು ಇನ್ನಷ್ಟು ಬಿಗಿಗೊಳಿಸಿದವು. 1988ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಕ್ಲಬ್‌ಗಳು ಸೇರಿ ಅಂತರರಾಷ್ಟ್ರೀಯ ಮೌಂಟನ್ ಬೈಸಿಕ್ಲಿಂಗ್ ಸಂಘ, ಅಂದರೆ ಇಂಬಾ, ಕಟ್ಟಿದಾಗ ಬೇರೆ ದಾರಿ ಹಿಡಿದವು: ನಡೆಯುವವರಿಗೆ ದಾರಿ ಬಿಡಿ, ನೆಲಕ್ಕೆ ಗಾಯ ಮಾಡಬೇಡಿ ಎಂಬ ಸವಾರರ ನಿಯಮಗಳು, ಅದರ ಜೊತೆಗೆ ದುಡಿಮೆ. 1997ರಿಂದ ಇಬ್ಬಿಬ್ಬರ ತಂಡವೊಂದು ಕಾರಿನಲ್ಲಿ ಊರೂರು ಸುತ್ತಿ ಸ್ಥಳೀಯ ಕ್ಲಬ್‌ಗಳಿಗೆ ದಾರಿ ಕಟ್ಟುವುದನ್ನೂ ಕಾಯುವುದನ್ನೂ ಕಲಿಸತೊಡಗಿತು. ಕಲಿತದ್ದೆಲ್ಲ 2004ರಲ್ಲಿ ಟ್ರೇಲ್ ಸೊಲ್ಯೂಷನ್ಸ್ ಎಂಬ ಕೈಪಿಡಿಯಾಯಿತು.

ಆ ವಿದ್ಯೆಯ ತಿರುಳು ಸೈಕಲ್ ಅಲ್ಲ, ನೀರು. ಮಳೆಗಾಲದಲ್ಲಿ ಪುಣೆಯ ಸುತ್ತಲಿನ ಕೋಟೆಗಳನ್ನು ಹತ್ತಿದವರಿಗೆ ಗೊತ್ತು: ನೇರ ಏರುವ ದಾರಿ ಜುಲೈ ಹೊತ್ತಿಗೆ ದಾರಿಯಾಗಿ ಉಳಿಯುವುದಿಲ್ಲ, ಹಳ್ಳವಾಗುತ್ತದೆ. ನಡೆಯುವವರು ಹಳ್ಳ ಬಿಟ್ಟು ಪಕ್ಕದ ಹುಲ್ಲಿನಲ್ಲಿ ನಡೆಯುತ್ತಾರೆ, ಅದೂ ಸವೆಯುತ್ತದೆ, ಒಂದು ದಾರಿ ಮೂರಾಗುತ್ತದೆ. ಆದ್ದರಿಂದ ದಾರಿ ನೀರಿನ ಜಾಡಿಗೆ ಅಡ್ಡವಾಗಿ, ಗುಡ್ಡದ ಮೈಯನ್ನು ಬಳಸಿಕೊಂಡು ಹೋಗಬೇಕು. ಗುಡ್ಡದ ಓರೆ ಶೇ. 30 ಇದ್ದರೆ ದಾರಿಯ ಏರು ಶೇ. 15 ಮೀರಬಾರದು, ಒಟ್ಟು ಸರಾಸರಿ ಶೇ. 10ರ ಒಳಗಿರಬೇಕು. ದಾರಿಯ ಮೈ ಕಣಿವೆಯ ಕಡೆಗೆ ಶೇ. 5ರಷ್ಟು ವಾಲಿರಬೇಕು. ಇಳಿಯುವ ದಾರಿ ಅಲ್ಲಲ್ಲಿ ತುಸು ಏರಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರು ದಾರಿ ಬಿಟ್ಟು ಹೊರಗೆ ಹೋಗುತ್ತದೆ. ಮಲೆನಾಡಿನ ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದವರಿಗೆ ಇದರಲ್ಲಿ ಹೊಸದೇನೂ ಕಾಣದು. ಹರಿಯುವ ನೀರಿಗೆ ಓಡುವಷ್ಟು ಜಾಗ ಕೊಡಬಾರದು, ನಿಲ್ಲುವಷ್ಟು ಜಾಗವನ್ನೂ ಕೊಡಬಾರದು.

ಹಾರೆ, ಸಲಿಕೆಗಳ ಜೊತೆ ಅವರ ಕೈಯಲ್ಲಿ ಕಾಣುವ ಎರಡು ಮುಖ್ಯ ಉಪಕರಣಗಳೂ ಬೆಂಕಿಯವರಿಂದ ಬಂದವು. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿಯಂತಿರುವ ಪುಲಾಸ್ಕಿ. 1910ರ ಮಹಾ ಕಾಡ್ಗಿಚ್ಚಿನಲ್ಲಿ ತನ್ನ ಆಳುಗಳನ್ನು ಗಣಿಯೊಳಗೆ ಸೇರಿಸಿ ಉಳಿಸಿದ ರೇಂಜರ್ ಎಡ್ ಪುಲಾಸ್ಕಿಯ ಹೆಸರು ಅದು. ಇನ್ನೊಂದು, ಒಂದು ಕಡೆ ದಂತಾಳದಂಥ ಹಲ್ಲು, ಮತ್ತೊಂದು ಕಡೆ ಅಗಲ ಗುದ್ದಲಿಯ ಅಂಚಿರುವ ಮೆಕ್ಲೌಡ್. ಮಣ್ಣು ಎಳೆದು, ಸಮಮಾಡಿ, ಅದನ್ನೇ ನೆಟ್ಟಗೆ ಹಿಡಿದು ಕುಟ್ಟಿದರೆ ನೆಲ ಗಟ್ಟಿ.

ಗಾಲಿಯೇ ದಾರಿಯನ್ನು ಹಾಳುಮಾಡುತ್ತದೆ ಎಂಬ ವಾದಕ್ಕೂ ಅಷ್ಟು ಬಲವಿರಲಿಲ್ಲ. 1994ರಲ್ಲಿ ಮೊಂಟಾನಾದ ದಾರಿಗಳ ಮೇಲೆ ವಿಲ್ಸನ್ ಮತ್ತು ಸೀನಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಲಿಗಳಿಗಿಂತ ಕುದುರೆಯ ಗೊರಸು ಮತ್ತು ಮನುಷ್ಯರ ಪಾದಗಳೇ ಹೆಚ್ಚು ಮಣ್ಣು ಸಡಿಲಿಸಿದವು, ಅದರಲ್ಲೂ ನೆನೆದ ದಾರಿಯಲ್ಲಿ. ಸವಾರರು ಇದನ್ನು ಗೆಲುವಿನ ಪತ್ರದಂತೆ ತೋರಿಸಿದರು. ಆದರೆ ಚಾರಣಿಗರ ತಕರಾರು ಪೂರ್ತಿ ಮಣ್ಣಿನದಾಗಿರಲಿಲ್ಲ. ನಿಧಾನವಾಗಿ ನಡೆಯುವವರಿಗೆ ಹಿಂದಿನಿಂದ ಏನೂ ಬರುವುದಿಲ್ಲ ಎಂಬ ನೆಮ್ಮದಿ ಬೇಕು. ಅದನ್ನು ಯಾವ ಅಧ್ಯಯನವೂ ತುಂಬಿಕೊಡದು. ಇನ್ನೊಂದು ಕಡೆ, ‘ನಾವು ದುಡಿದಿದ್ದೇವೆ, ಆದ್ದರಿಂದ ನಮ್ಮ ಪಾಲು ಕೊಡಿ’ ಎಂದು ಸವಾರರು ಹೇಳಿದಾಗ ಅವರು ಎತ್ತಿಕೊಂಡದ್ದು ಚಾರಣಿಗರ ವಾದವನ್ನೇ. ಅದೇ ವಾದವನ್ನು ಒಬ್ಬರಿಂದ ಒಪ್ಪಿ ಇನ್ನೊಬ್ಬರಿಂದ ತಳ್ಳುವುದು ಕಷ್ಟ. ದುಡಿಮೆಯಿಂದ ಹಕ್ಕು ಹುಟ್ಟುವುದಾದರೆ, ಕೋಸ್ಟ್ ಮಿವೊಕ್ ಜನರ ಹೆಜ್ಜೆಗಳ ಲೆಕ್ಕವನ್ನು ಎಲ್ಲಿಂದ ಶುರುಮಾಡುವುದು ಎಂಬ ಪ್ರಶ್ನೆಗೆ ಎರಡೂ ಗುಂಪಿನ ಬಳಿ ಸಿದ್ಧ ಉತ್ತರವಿಲ್ಲ.

ಜಗಳ ನಡೆಯುತ್ತಿರುವಾಗಲೇ ಫೇರ್‌ಫ್ಯಾಕ್ಸ್‌ನ ಪಕ್ಕದಲ್ಲೊಂದು ಸಣ್ಣ ಏರ್ಪಾಡಾಯಿತು. ಅಲ್ಲಿ ಸ್ಕೌಟ್‌ಗಳ ಟಮರಾಂಚೊ ಶಿಬಿರದ ಖಾಸಗಿ ಭೂಮಿಯಿದೆ. ಸವಾರರು ಅಲ್ಲಿ ಕಿರುದಾರಿಗಳನ್ನು ಕಟ್ಟಿದರು. ಸವಾರಿಗೆ ದುಡ್ಡು ಕೊಟ್ಟು ಪರವಾನಗಿ ಪಡೆಯಬೇಕು, ದಾರಿಯ ಆರೈಕೆಗೆ ಸ್ವಯಂಸೇವಕರು ಬರಬೇಕು. ಬೆಟ್ಟದ ದೊಡ್ಡ ಪ್ರಶ್ನೆ ಅದರಿಂದ ಬಗೆಹರಿಯಲಿಲ್ಲ, ಆದರೆ ಅಲ್ಲಿ ರೇಡಾರ್ ಬೇಕಾಗಲಿಲ್ಲ. 2015ರಲ್ಲಿ ಫೇರ್‌ಫ್ಯಾಕ್ಸ್‌ನ ಪೇಟೆಯಲ್ಲಿ ಸೈಕಲ್ ಮ್ಯೂಸಿಯಂ ತೆರೆಯಿತು. ಹಳೆಯ ಕ್ಲಂಕರ್‌ಗಳು ಈಗ ಅಲ್ಲಿ ಒರೆಸಿಟ್ಟ ಒಡವೆಗಳಂತೆ ನಿಂತಿವೆ. ಗುದ್ದಲಿಗಳು ಮಾತ್ರ ಇನ್ನೂ ಕೆಲಸದಲ್ಲಿವೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಿಡೀ ಮಳೆಯಿಲ್ಲ, ಮಣ್ಣು ಹಿಟ್ಟಿನಂತಾಗಿರುತ್ತದೆ, ಎಷ್ಟು ಕುಟ್ಟಿದರೂ ಕೂರುವುದಿಲ್ಲ. ಚಳಿಗಾಲದ ಮಳೆ ಬಿದ್ದು ನೆಲ ನೆನೆದಾಗ ಸವಾರಿ ಮಾಡಿದರೆ ಗಾಲಿಯ ಗೆರೆ ಆಳಕ್ಕೆ ಇಳಿಯುತ್ತದೆ. ಮಣ್ಣು ಹದಕ್ಕೆ ಬರುವುದು, ಮೆಕ್ಲೌಡ್ ಕುಟ್ಟಿದಲ್ಲಿ ನಿಲ್ಲುವುದು ಅದೇ ವಾರಗಳಲ್ಲಿ. ಹಾಗಾಗಿ ಮಳೆಯ ನಂತರದ ಶನಿವಾರ ಅವರು ಸೈಕಲ್ಲನ್ನು ಮನೆಯಲ್ಲಿ ಬಿಟ್ಟು, ನಡೆದೇ ಗುಡ್ಡ ಹತ್ತುತ್ತಾರೆ.